ಹಿಟ್ಟಿನ ಕೈ

ನಮ್ಮ ಆಯಿ ರೊಟ್ಟಿ ತಟ್ಟಲು ಕೂತರೆ ಯಾರೂ ಅವಳನ್ನು ಮಾತಾಡಿಸುವ ಹಾಗಿರಲಿಲ್ಲ. ಸಿಟ್ಟು ಬರುತ್ತದೆ ಅಂತಲ್ಲ. ಆ ಹೊತ್ತಿನಲ್ಲಿ ಅವಳು ದೇವರ ಜೊತೆ ಮಾತಿಗೆ ಕೂತಿರುತ್ತಿದ್ದಳು.

ಬೆಟಗೇರಿಯಲ್ಲಿ ನಮ್ಮದು ನೇಕಾರರ ಮನೆ. ಮುಂದಿನ ಪಡಸಾಲೆಯಲ್ಲಿ ಅಜ್ಜನ ಮಗ್ಗ, ಹಿಂದೆ ಆಯಿಯ ಒಲೆ. ನಸುಕಿನಲ್ಲಿ ಎಚ್ಚರವಾದರೆ ಮೊದಲು ಕಿವಿಗೆ ಬೀಳುತ್ತಿದ್ದದ್ದು ರೊಟ್ಟಿಯ ಸದ್ದು. ತಟ್ ತಟ್ ತಟ್ ತಟ್. ಒಂದು ಗಳಿಗೆ ಸುಮ್ಮನೆ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಒರೆಸಿದಾಗ ಚುಂಯ್ ಅಂತ ಹಬೆ. ಮತ್ತೆ ತಟ್ ತಟ್. ಆ ಸದ್ದಿನ ಅಡಿಯಲ್ಲಿ ಅವಳ ಪಿಸುಮಾತು. ಚಿಕ್ಕವಳಿದ್ದಾಗ ರೊಟ್ಟಿ ಎಣಿಸುತ್ತಾಳೆ ಅಂದುಕೊಂಡಿದ್ದೆ. ಹತ್ತಿರ ಹೋಗಿ ಕೂತಾಗ ತಿಳಿಯಿತು, ಅದು ಎಣಿಕೆ ಅಲ್ಲ, ಹೆಸರುಗಳು. ಒಂದೊಂದು ರೊಟ್ಟಿಗೆ ಒಬ್ಬೊಬ್ಬರ ಹೆಸರು. ರೊಟ್ಟಿ ಅಗಲವಾಗಿ ಹಂಚಿಗೆ ಹೋಗುವವರೆಗೆ ಅವರ ಸಲುವಾಗಿ ಪ್ರಾರ್ಥನೆ. ಹಂಚಿಗೆ ಹಾಕುವಾಗ ಆಮೆನ್.

ಮೊದಲನೇ ರೊಟ್ಟಿ ಯಾರದು ಅಂತ ಒಮ್ಮೆ ಕೇಳಿದ್ದೆ.

"ಮೊದಲನೇದು ಯಾವಾಗ್ಲೂ ಹರೀತದ ಯವ್ವಾ. ಹಿಟ್ಟು ಇನ್ನೂ ಕೈಗೆ ಹೊಂದಿರೂದಿಲ್ಲ. ಅದಕ್ಕ ಅದು ನನಗ ಯಾರ ಮ್ಯಾಲೆ ಸಿಟ್ಟೈತಿ ಅವರ ರೊಟ್ಟಿ. ಹರದಲ್ಲೆಲ್ಲಾ ಕೂಡಸ್ಕೋತ ಕುಂಡ್ರಬೇಕಲ್ಲ, ಅಷ್ಟೊತ್ತೂ ಅವರ ಸಲುವಾಗಿ ಬೇಡಿಕೊಳ್ಳೂದು."

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಅವರ ಶಾಲೆಗಳ ಬಗ್ಗೆ, ಮಂಗಳೂರಿನ ಅವರ ಅಚ್ಚುಕೂಟದ ಬಗ್ಗೆ, ಕಿಟೆಲ್ ಅವರ 1894ರ ನಿಘಂಟಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಬರೆಯಲೇಬೇಕು. ಆದರೆ ಆ ಮನೆಗಳ ಒಲೆ ಮುಂದೆ ನಡೆದ ಪ್ರಾರ್ಥನೆಯನ್ನು ಯಾರು ಬರೆದಿಟ್ಟಿದ್ದಾರೆ? ನಮ್ಮ ಆಯಿಗೆ ಓದು ಅಷ್ಟಕ್ಕಷ್ಟೇ. ಬೈಬಲ್ಲಿನ ಇಪ್ಪತ್ತಮೂರನೇ ಕೀರ್ತನೆ ಮಾತ್ರ ಬಾಯಿಪಾಠ. ಅದರಲ್ಲಿ "ಕೊರತೆಪಡೆನು" ಅನ್ನುವ ಮಾತು ಬಂದಾಗ ಹಿಟ್ಟಿನ ಡಬ್ಬಿಯ ಕಡೆ ನೋಡುತ್ತಿದ್ದಳು. ಡಬ್ಬಿಯಲ್ಲಿ ತಳ ಕಾಣುತ್ತಿದ್ದ ದಿನವೂ ಅದೇ ಮಾತು, ಅದೇ ದನಿ.

ಈಗ ನನ್ನ ವಿಷಯ. ಈ ವರ್ಷದ ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ದೇವರು ನನಗೆ ಮಾಡಿದ್ದನ್ನು ಸಾಕ್ಷಿಯಾಗಿ ಬರೆಯಬೇಕು ಅನಿಸಿದೆ.

ಮುಂಬೈಗೆ ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ. ಮಲಾಡಿನಲ್ಲಿ ಮನೆ, ಲೋವರ್ ಪರೇಲಿನಲ್ಲಿ ನನ್ನ ಕೆಲಸ. ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಎದೆನೋವು ಬಂತು. ಆಪರೇಷನ್ ಆಯಿತು. ದೇವರ ದಯೆ, ಚೆನ್ನಾಗಿಯೇ ಆಯಿತು. ಎರಡು ತಿಂಗಳಲ್ಲಿ ಕೆಲಸಕ್ಕೆ ಹೋಗತೊಡಗಿದರು. ಸಭೆಯವರು ಬಂದು ಸ್ತೋತ್ರ ಮಾಡಿ, ಊಟ ಮಾಡಿ ಹೋದರು. ಎಲ್ಲರ ಭಯ ಅಲ್ಲಿಗೆ ಮುಗಿಯಿತು. ನನ್ನದು ಅಲ್ಲಿಂದ ಶುರುವಾಯಿತು.

ರಾತ್ರಿ ಅವರ ಉಸಿರು ಕೇಳುತ್ತಾ ಮಲಗುತ್ತಿದ್ದೆ. ಒಂದು ಉಸಿರು ತಡವಾದರೆ ಎದ್ದು ಕೂರುತ್ತಿದ್ದೆ. ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ. ಹೀಗೆ ತಿಂಗಳುಗಟ್ಟಲೆ. ಪ್ರಾರ್ಥನೆಗೆ ಕೂತರೆ ಮಾತೇ ಬರುತ್ತಿರಲಿಲ್ಲ. ಉಪವಾಸ ಪ್ರಾರ್ಥನೆಗೆ ಹೋದೆ, ರಾತ್ರಿ ಜಾಗರಣೆಯ ಕೂಟಗಳಿಗೆ ಹೋದೆ. ಅಲ್ಲಿ ಮೈಕಿನಲ್ಲಿ ಜೋರಾಗಿ ಕೂಗಿ ಶಾಂತಿಯನ್ನು ಬೇಡುತ್ತಿದ್ದರು. ನನ್ನ ಎದೆ ಇನ್ನೂ ಜಾಸ್ತಿ ಹೊಡೆದುಕೊಳ್ಳುತ್ತಿತ್ತು. ತಪ್ಪು ತಿಳಿಯಬೇಡಿ, ಅಂಥ ಕೂಟಗಳಲ್ಲಿ ಎಷ್ಟೋ ಜನರಿಗೆ ಬಿಡುಗಡೆ ಸಿಕ್ಕಿದೆ. ನನಗೆ ಅಲ್ಲಿ ಸಿಗಲಿಲ್ಲ ಅಷ್ಟೇ.

ನಮ್ಮ ಪಕ್ಕದ ಮನೆಯಲ್ಲಿ ಮಂಗಳೂರಿನ ಆಂಟಿ ಒಬ್ಬರಿದ್ದಾರೆ. ಕ್ಯಾಥೋಲಿಕರು. ನನ್ನ ಕಣ್ಣ ಕೆಳಗಿನ ಕಪ್ಪು ನೋಡಿ, "ನೀವು ಒಂದು ಬುಧವಾರ ನನ್ನೊಟ್ಟಿಗೆ ಮಾಹಿಮಿಗೆ ಬನ್ನಿ ಮಾರಾಯ್ತಿ. ಸುಮ್ನೆ ಕೂತುಕೊಳ್ಳಿ, ಏನೂ ಮಾಡುವುದು ಬೇಡ" ಅಂದರು. ನಾವು ಪ್ರೊಟೆಸ್ಟಂಟರು, ಮಾತೆ ಮರಿಯಳ ಮುಂದೆ ಮೇಣದಬತ್ತಿ ಹಚ್ಚಿ ರೂಢಿಯಿಲ್ಲ. ಆದರೂ ಆಂಟಿಯ ಪ್ರೀತಿಗೆ ಇಲ್ಲ ಅನ್ನಲಾಗಲಿಲ್ಲ. ಲೆಂಟ್ ಶುರುವಾಗುವ ಬೂದಿ ಬುಧವಾರಕ್ಕೆ ಎರಡು ವಾರ ಮುಂಚೆ ಹೋದೆವು.

ಮಾಹಿಮಿನ ಸಂತ ಮೈಕಲರ ಚರ್ಚು ನೋಡಿದವರಿಗೆ ಹೇಳಬೇಕಾಗಿಲ್ಲ. ಪೋರ್ಚುಗೀಸರ ಕಾಲದಲ್ಲಿ, 1534ರಲ್ಲಿ ಮೊದಲು ಕಟ್ಟಿದ್ದಂತೆ. ಈಗಿರುವ ಕಟ್ಟಡ 1973ರದು. ಬುಧವಾರದ ನೊವೇನಾ, ಅಂದರೆ ಒಂಬತ್ತು ವಾರದ ಪ್ರಾರ್ಥನೆ, 1948ರಿಂದ ನಡೆದು ಬಂದಿದೆ. ಒಂಬತ್ತು ಬುಧವಾರ ಬರುತ್ತೇನೆ ಅಂತ ಹರಕೆ ಹೊತ್ತವರು ಎಲ್ಲ ಜಾತಿ, ಎಲ್ಲ ಧರ್ಮದವರು. ಹೊರಗೆ ಮೇಣದಲ್ಲಿ ಮಾಡಿದ ಕೈ, ಕಾಲು, ಮನೆ, ಮಗು ಮಾರುತ್ತಾರೆ. ಬೇಡಿಕೆಯನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ. ಆಂಟಿ ನನ್ನ ಕೈಗೂ ಒಂದು ಚೀಟಿ, ಪೆನ್ನು ಕೊಟ್ಟರು. ಏನು ಬರೆಯಲಿ? ಅವರಿಗೆ ಗುಣ ಆಗಲಿ ಅನ್ನೋಣ ಅಂದರೆ ಆಗಿಬಿಟ್ಟಿದೆ. ಚೀಟಿ ಹಾಗೇ ಕೈಯಲ್ಲಿ ಉಳಿಯಿತು.

ಆಗ ಆ ಚಿತ್ರ ನೋಡಿದೆ. ನಿತ್ಯ ಸಹಾಯ ಮಾತೆಯ ಚಿತ್ರ, ಬಾಲಯೇಸುವನ್ನು ಎತ್ತಿಕೊಂಡ ಮರಿಯಳು. ಮೊದಲೂ ಎಷ್ಟೋ ಕಡೆ ನೋಡಿದ್ದೆ, ಟ್ಯಾಕ್ಸಿಗಳಲ್ಲೂ ನೋಡಿದ್ದೆ. ಅವತ್ತು ಮಾತ್ರ ಕಣ್ಣು ಮಗುವಿನ ಕಾಲಿಗೆ ಹೋಯಿತು. ಒಂದು ಪಾದದ ಚಪ್ಪಲಿ ಕಳಚಿ, ಬರೀ ಒಂದು ಪಟ್ಟಿಯ ಮೇಲೆ ನೇತಾಡುತ್ತಿದೆ. ಯಾಕೆ ಅಂತ ಆಂಟಿಯನ್ನು ಕೇಳಿದೆ. ಮೇಲೆ ಎರಡೂ ಕಡೆ ಇರುವ ದೇವದೂತರನ್ನು ತೋರಿಸಿದರು. ಒಬ್ಬರ ಕೈಯಲ್ಲಿ ಶಿಲುಬೆ, ಇನ್ನೊಬ್ಬರ ಕೈಯಲ್ಲಿ ಈಟಿ. ಮುಂದೆ ಬರಲಿರುವ ನೋವನ್ನು ನೋಡಿ ಮಗು ಹೆದರಿದೆ. ಹೆದರಿ ಓಡಿ ಬಂದ ರಭಸಕ್ಕೆ ಚಪ್ಪಲಿ ಕಳಚಿದೆ. ಎರಡೂ ಕೈಯಿಂದ ತಾಯಿಯ ಕೈ ಹಿಡಿದುಕೊಂಡಿದೆ.

ಯೇಸುಸ್ವಾಮಿ ಹೆದರಿದ್ದು! ಶಿಲುಬೆಯ ಹಿಂದಿನ ರಾತ್ರಿ ಯೇಸು ಸಂಕಟಪಟ್ಟ ಗೆತ್ಸೆಮನೆ ತೋಟದ ಕಥೆಯನ್ನು ಭಾನುವಾರದ ಶಾಲೆಯಿಂದ ಕೇಳುತ್ತಾ ಬಂದವಳು ನಾನು. ಆದರೆ ಭಯ ಅನ್ನುವುದು ನಂಬಿಕೆಯಿಲ್ಲದವರ ಲಕ್ಷಣ ಅಂತಲೇ ತಿಳಿದು, ಇಷ್ಟು ತಿಂಗಳು ಅದನ್ನು ದೇವರಿಂದಲೂ ಮುಚ್ಚಿಟ್ಟಿದ್ದೆ. ಆ ಚಪ್ಪಲಿ ನೋಡುತ್ತಾ ನೋಡುತ್ತಾ ಅಳು ಬಂತು. ಅತ್ತೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಮರಾಠಿ ಹೆಂಗಸು ಏನೂ ಕೇಳದೆ ನನ್ನ ಬೆನ್ನ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಹಿಟ್ಟಿನ ವಾಸನೆಯಿತ್ತೋ, ನನಗೆ ಹಾಗೆ ಅನಿಸಿತೋ ಗೊತ್ತಿಲ್ಲ. ಆಯಿ ನೆನಪಾದಳು.

"ದೇವರ ಹಂತ್ಯಾಕ ಹೋಗಾಕ ಕೈ ತೊಳಕೋಬೇಕಂತೇನಿಲ್ಲ. ಹಿಟ್ಟಿನ ಕೈಲೇ ಹೋಗಬಹುದು" ಅನ್ನುತ್ತಿದ್ದಳು.

ಆ ಲೆಂಟಿನಲ್ಲಿ ಒಂದು ವ್ರತ ಹಿಡಿದೆ. ಮಾಂಸ ಬಿಡುವುದು, ಸಕ್ಕರೆ ಬಿಡುವುದು ಎಲ್ಲ ಪ್ರತಿ ವರ್ಷ ಇದ್ದದ್ದೇ. ಈ ಸಲ ಬಿಡುವ ಬದಲು ಒಂದನ್ನು ಹಿಡಿದುಕೊಳ್ಳೋಣ ಅನಿಸಿತು. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ 46 ದಿನ, ಆರು ಭಾನುವಾರ ಬಿಟ್ಟರೆ 40. ಅಷ್ಟು ದಿನ ಬೆಳಿಗ್ಗೆ ಎದ್ದು ಆಯಿಯ ಹಾಗೆ ರೊಟ್ಟಿ ತಟ್ಟುತ್ತಾ ಪ್ರಾರ್ಥನೆ ಮಾಡುವುದು. ಅಲ್ಲಿಯವರೆಗೆ ನಮ್ಮ ಡಬ್ಬಿಗಳಿಗೆ ಚಪಾತಿ ಹೋಗುತ್ತಿತ್ತು. ಲಟ್ಟಣಿಗೆಯಲ್ಲಿ ಆ ಸದ್ದು ಎಲ್ಲಿಂದ ಬರಬೇಕು?

ಚಕ್ಕಿಯಿಂದ ಜೋಳದ ಹಿಟ್ಟು ತಂದೆ. ಮೊದಲ ದಿನ ಎಸರು ಸರಿಯಾಗಿ ಕಾಯದೆ ಹಿಟ್ಟಿಗೆ ಅಂಟೇ ಬರಲಿಲ್ಲ. ಮೊದಲನೇದು ಹರಿಯಿತು. ಎರಡನೇದು, ಮೂರನೇದೂ ಹರಿದವು. ನನಗೆ ಯಾರ ಮೇಲೆ ಸಿಟ್ಟಿದೆ ಅಂತ ಹುಡುಕಿದೆ. ಆ ಮಳೆಗಾಲದ ರಾತ್ರಿ ಫೋನ್ ಮಾಡಿದರೂ ಎತ್ತದ ಒಬ್ಬ ಹತ್ತಿರದ ನೆಂಟರಿದ್ದರು. ಅವರ ಹೆಸರು ಹೇಳಿದೆ. ನಾಲಿಗೆಯ ಮೇಲೆ ಕಲ್ಲಿಟ್ಟ ಹಾಗಾಯಿತು. ಆದರೆ ಕೈಯಲ್ಲಿ ಹರಿದ ರೊಟ್ಟಿ ಇದೆಯಲ್ಲ, ಅದನ್ನು ಬಿಟ್ಟೇಳುವ ಹಾಗಿಲ್ಲ. ಕೂಡಿಸುತ್ತಾ ಕೂತೆ. ಹತ್ತು ದಿನ ಅವರದೇ ಮೊದಲನೇ ರೊಟ್ಟಿ. ಹನ್ನೊಂದನೇ ದಿನ ಬೇರೆ ಹೆಸರು ಹುಡುಕಬೇಕಾಯಿತು.

ನಮ್ಮ ಸಭೆಗಳಲ್ಲಿ "ದೇವರ ಪ್ರಸನ್ನತೆ" ಅನ್ನುತ್ತೇವೆ. ದೇವರು ಇಲ್ಲೇ ಇದ್ದಾನೆ ಅನ್ನುವುದಕ್ಕೆ ನಾವು ಹೇಳುವ ಮಾತು. ಹೊರಗಿನವರು ಪ್ರಸನ್ನ ಅಂದರೆ ಮುಖ ಅರಳಿದ್ದು, ಸಂತೋಷಪಟ್ಟದ್ದು ಅನ್ನುತ್ತಾರೆ. ಎರಡೂ ಒಂದೇ ಅಂತ ನನಗೆ ಆ ಅಡಿಗೆಮನೆಯಲ್ಲಿ ಗೊತ್ತಾಯಿತು. ದರ್ಶನ ಏನೂ ಆಗಲಿಲ್ಲ, ದನಿಯೂ ಕೇಳಲಿಲ್ಲ. ಹಬೆ ಮುಖಕ್ಕೆ ಬಡಿಯುತ್ತಿತ್ತು. ಕಿಟಕಿಯಾಚೆ ಮೊದಲ ಲೋಕಲ್ ಗಾಡಿಯ ಸದ್ದು. ಯಾರೋ ನನ್ನ ಬೆನ್ನ ಹಿಂದೆ ಕೂತು, ನಾನು ಕೆಲಸ ಮಾಡುವುದನ್ನು ಇಷ್ಟಪಟ್ಟು ನೋಡುತ್ತಿದ್ದಾರೆ ಅನ್ನುವ ಹಾಗೆ ಇರುತ್ತಿತ್ತು. ನಾನು ಆಯಿಯ ಹತ್ತಿರ ಹಾಗೆಯೇ ಕೂರುತ್ತಿದ್ದೆ.

ಒಂದು ಭಾನುವಾರ ನಮ್ಮ ಸಭೆಯ ಪಾದ್ರಿ ಅಯ್ಯನವರು ಪ್ರವಾದಿ ಎಲೀಯನ ಬಗ್ಗೆ ಪ್ರಸಂಗ ಮಾಡಿದರು. ಗಾಳಿಯಲ್ಲಿ ದೇವರಿಲ್ಲ, ಭೂಕಂಪದಲ್ಲಿಲ್ಲ, ಬೆಂಕಿಯಲ್ಲಿಲ್ಲ, ಆಮೇಲೆ ಬಂದ ಮೆಲ್ಲನೆಯ ದನಿಯಲ್ಲಿದ್ದ. ಎಲ್ಲರಿಗೂ ಗೊತ್ತಿರುವ ಭಾಗ. ಮನೆಗೆ ಬಂದು ಬೈಬಲ್ಲಿನ ಒಂದನೇ ಅರಸುಗಳು ಹತ್ತೊಂಬತ್ತನೇ ಅಧ್ಯಾಯ ತೆಗೆದು ಮೊದಲಿಂದ ಓದಿದೆ. ಆ ದನಿಗೂ ಮುಂಚೆ ಏನಾಯಿತು ನೋಡಿ. ಎಲೀಯ ಹೆದರಿ ಓಡಿ ಬಂದಿದ್ದಾನೆ. ಒಂದು ಗಿಡದ ಕೆಳಗೆ ಕೂತು ಸಾಕಪ್ಪಾ, ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವರು ಬೈಯುವುದಿಲ್ಲ, ಬುದ್ಧಿಯನ್ನೂ ಹೇಳುವುದಿಲ್ಲ. ಅವನನ್ನು ಮಲಗಲು ಬಿಡುತ್ತಾನೆ. ದೂತನು ಬಂದು ತಟ್ಟಿ, ಏಳು, ತಿನ್ನು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ತಟ್ಟಿ ಎಬ್ಬಿಸಿ ಊಟ. ಆ ಊಟದ ಬಲದಿಂದಲೇ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ. ದನಿ ಕೇಳಿದ್ದು ಅಲ್ಲಿ. ಮೊದಲು ನಿದ್ದೆ, ರೊಟ್ಟಿ. ಆಮೇಲೆ ದನಿ. ಈ ಮೊದಲನೇ ಭಾಗವನ್ನು ನಮ್ಮ ಪ್ರಸಂಗಗಳಲ್ಲಿ ಇಷ್ಟು ಬೇಗ ಯಾಕೆ ದಾಟಿಬಿಡುತ್ತಾರೆ? ಯೇಸು ಮನೆಗೆ ಬಂದಾಗ ಉಪಚಾರದಲ್ಲೇ ಮುಳುಗಿದ್ದ ಮಾರ್ಥಳಿಗೂ ಹೀಗೇ ಅನ್ಯಾಯ ಮಾಡುತ್ತಾರೆ. ಅಡಿಗೆ ಮಾಡಿ ಬೈಸಿಕೊಂಡವಳು ಅಂತಲೇ ಅವಳ ಹೆಸರು. "ನೀನೇ ಕ್ರಿಸ್ತನು, ದೇವಕುಮಾರನು" ಅಂತ ತಮ್ಮನ ಸಾವಿನ ದುಃಖದಲ್ಲೂ ಬಾಯಿಬಿಟ್ಟು ಹೇಳಿದವಳು ಅದೇ ಮಾರ್ಥಳು ಅಲ್ವಾ?

ಇನ್ನೊಂದು ಸಂಕಟವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ಈಗ ಎಷ್ಟು ಮನೆಗಳಲ್ಲಿದೆ? ಮುಂಬೈಯಲ್ಲಿ ಬೆಳೆದ ನಮ್ಮ ಮಕ್ಕಳು ಕನ್ನಡದ ಹಾಡುಗಳನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಓದಿಕೊಂಡು ಹಾಡುತ್ತಾರೆ. ರಾಗ ಬರುತ್ತದೆ, ಅರ್ಥ ಬರುವುದಿಲ್ಲ. ತಪ್ಪು ಮಕ್ಕಳದಲ್ಲ. ಅಕ್ಷರ ಕಲಿಸಲು ನಮಗೆ ಪುರುಸೊತ್ತಾಗಲಿಲ್ಲ. ಸೀರಿಯಲ್ ನೋಡಲು ಆಯಿತು. ನನ್ನ ಮಗಳನ್ನು ಈಗ ದಿನಕ್ಕೆ ನಾಲ್ಕು ಸಾಲು ಓದಿಸುತ್ತಿದ್ದೇನೆ.

ಇಷ್ಟೆಲ್ಲ ಆದರೂ ಒಂದು ಉಳಿದಿತ್ತು. ನೆಂಟರು, ಆಂಟಿ, ಲೋಕಲಿನಲ್ಲಿ ದಿನಾ ಜಾಗ ಕೊಡುವ ವಸಯಿಯ ಹುಡುಗಿ, ಆಪರೇಷನ್ ಮಾಡಿದ ಡಾಕ್ಟರು, ಎಲ್ಲರ ಹೆಸರಿನಲ್ಲೂ ರೊಟ್ಟಿ ಆಗುತ್ತಿತ್ತು. ನಮ್ಮ ಮನೆಯವರ ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಹೇಳಿದರೆ ದೇವರಿಗೆ ಬಿಟ್ಟುಕೊಟ್ಟ ಹಾಗೆ ಆಗಿಬಿಡುತ್ತದೆ ಅನ್ನುವ ಹೆದರಿಕೆ. ರಾತ್ರಿ ಉಸಿರು ಎಣಿಸುವುದೂ ನಿಂತಿರಲಿಲ್ಲ.

ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳು. ಸೆಕೆ ಅಂದರೆ ಸೆಕೆ, ಫ್ಯಾನಿನ ಕೆಳಗೂ ಬೆವರು. ಏಳನೇ ಮಾತಿಗೆ ಬಂದಾಗ ಅಯ್ಯನವರು ಹೇಳಿದರು: "ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ" ಅನ್ನುವುದು ಮೂವತ್ತೊಂದನೇ ಕೀರ್ತನೆಯ ಮಾತು. ಯೆಹೂದ್ಯರು ರಾತ್ರಿ ಮಲಗುವಾಗ ಹೇಳುವ ಪ್ರಾರ್ಥನೆಯಲ್ಲಿ ಇವತ್ತಿಗೂ ಅದು ಇದೆ. ಮಲಗುವಾಗ ಹೇಳುವ ಮಾತು! ಮುಂದೆ ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ನನ್ನ ಕೈ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಬೆಳಗಿನ ಹಿಟ್ಟು ಒಣಗಿತ್ತು.

ಶನಿವಾರ ಬೆಳಿಗ್ಗೆ ಕೊನೆಯ ಉಂಡೆಯನ್ನು ಅವರ ಹೆಸರಿಗೆ ತೆಗೆದಿಟ್ಟೆ. ತಟ್ಟಿದೆ. ನಿಧಾನವಾಗಿ, ಒಂದೇ ಸಮನೆ, ಅಂಚಿನಿಂದ ಅಂಚಿಗೆ ತಿರುಗಿಸುತ್ತಾ. ಹೆಸರು ಹೇಳಿದೆ. ನಿನ್ನ ಕೈಗೆ, ನಿನ್ನ ಕೈಗೆ ಅಂದೆ. ಬೇರೆ ಏನೂ ಬೇಡಲಿಲ್ಲ. ಹಂಚಿಗೆ ಹಾಕುವಾಗ ಕೈ ನಡುಗಿತು, ಆದರೂ ಹಾಕಿದೆ. ಆಮೆನ್.

ಆ ರಾತ್ರಿ ಮಲಗಿದ್ದಷ್ಟೇ ಗೊತ್ತು. ಈಸ್ಟರ್ ಬೆಳಗಿನ ಜಾವದ ಆರಾಧನೆಗೆ ನಾಲ್ಕಕ್ಕೆ ಅಲಾರಾಂ ಇಟ್ಟಿದ್ದೆ. ಅದು ಹೊಡೆದದ್ದು ನನಗೆ ಕೇಳಿಸಲೇ ಇಲ್ಲ. ಯಾರೋ ಭುಜ ತಟ್ಟಿದರು. ಕಣ್ಣು ಬಿಟ್ಟೆ. ನಮ್ಮ ಮನೆಯವರು ಸ್ನಾನ ಮುಗಿಸಿ, ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಚಹಾದ ಲೋಟ, ತಟ್ಟೆಯಲ್ಲಿ ನಿನ್ನೆಯ ಅರ್ಧ ರೊಟ್ಟಿ.

"ಏಳು," ಅಂದರು. "ಇಷ್ಟು ತಿಂದು ಹೊರಡು. ದಾರಿ ದೂರ ಇದೆ."