ಸ್ಟ್ರಾ, ನೀರಿನ ಬಾಟಲಿ ಮತ್ತು ದಾಸರಹಳ್ಳಿ ಬಸ್ಸು

ಹೋದ ವರ್ಷ ಮೆಜೆಸ್ಟಿಕ್‌ನಿಂದ ದಾಸರಹಳ್ಳಿಗೆ ಹೋಗೋ ಬಸ್ಸಿನಲ್ಲಿ ನನಗೆ ಹಾರ್ಟ್ ಅಟ್ಯಾಕ್ ಆಯಿತು. ಅಂದರೆ, ಹಾಗಂದುಕೊಂಡೆ. ಎದೆ ಢವಢವ, ಬೆರಳೆಲ್ಲ ಜುಮ್ಮು, ಉಸಿರೇ ಸಾಲದು. ಯಶವಂತಪುರದಲ್ಲಿ ಕಂಡಕ್ಟರ್ ನೀರು ಕುಡಿಸಿ ಇಳಿಸಿದರು. ಎರಡು ತಿಂಗಳಲ್ಲಿ ಮೂರು ಇಸಿಜಿ, ಒಂದು ಎಕೋ, ಥೈರಾಯ್ಡ್ ಟೆಸ್ಟ್. ಎಲ್ಲಾ ನಾರ್ಮಲ್. ಅಷ್ಟರಲ್ಲಿ ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಾಗಿತ್ತು. ಕೊನೆಗೆ ಹೃದಯದ ಡಾಕ್ಟರೇ "ಇದು ಪ್ಯಾನಿಕ್ ಅಟ್ಯಾಕ್, ಅಂದರೆ ದಿಢೀರಂತ ನುಗ್ಗೋ ಹೆದರಿಕೆ, ಥೆರಪಿಗೆ ಹೋಗಿ" ಅಂದರು.

ಮೊದಲು ಸಿಕ್ಕವರು ಒಂದು ಗಂಟೆ ಪಾಸಿಟಿವ್ ಆಗಿರಿ ಅಂತ ಭಾಷಣ ಮಾಡಿದರು. ಮತ್ತೆ ಹೋಗಲಿಲ್ಲ. ಎರಡನೆಯವರು ಕ್ಲಿನಿಕಲ್ ಸೈಕಾಲಜಿಸ್ಟ್. ಮಾತ್ರೆ ಬರೆಯಲ್ಲ, ಅದು ಸೈಕಿಯಾಟ್ರಿಸ್ಟ್ ಕೆಲಸ ಅಂತ ಮೊದಲೇ ಹೇಳಿದರು. ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ, ಯಾರದ್ದಾದರೂ ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆ ವಿಷಯ ಅಂತಲೂ ಹೇಳಿದರು. ಸಿನಿಮಾದಲ್ಲಿ ತೋರಿಸೋ ಮಂಚ ಇರಲಿಲ್ಲ. ಎರಡು ಕುರ್ಚಿ, ಒಂದು ಗಡಿಯಾರ. 50 ನಿಮಿಷ ಬರೀ ಪ್ರಶ್ನೆ. ಮನೆಗೆ ಬಂದು ಹೆಂಡತಿಗೆ, "ನಾನೇ ಮಾತಾಡಿ ನಾನೇ ದುಡ್ಡು ಕೊಟ್ಟು ಬಂದೆ ಕಣೇ" ಅಂದೆ.

ಮೂರನೇ ವಾರ ಮೇಡಂ ಹಾಳೆಯ ಮೇಲೆ ಒಂದು ಸುತ್ತು ಬರೆದರು. ಎದೆ ಬಡಿತ, 'ಸತ್ತೆ' ಅನ್ನೋ ಯೋಚನೆ, ಹೆದರಿಕೆ, ಇನ್ನೂ ಜೋರು ಬಡಿತ. (1986ರಲ್ಲಿ ಇಂಗ್ಲೆಂಡಿನ ಸೈಕಾಲಜಿಸ್ಟ್ ಡೇವಿಡ್ ಕ್ಲಾರ್ಕ್ ಇದನ್ನೇ ವಿವರಿಸಿದ್ದರಂತೆ. ಆಮೇಲೆ ಓದಿದೆ.) ಅರ್ಥವೇನೋ ಆಯಿತು. ಆದರೆ ಬಸ್ ಹತ್ತಲು ಧೈರ್ಯ ಬರಲಿಲ್ಲ.

ಐದನೇ ವಾರ ನನ್ನ ರಿಪೋರ್ಟುಗಳನ್ನೆಲ್ಲ ಮತ್ತೊಮ್ಮೆ ನೋಡಿ, ಕೈಗೆ ಸಣ್ಣ ಸ್ಟ್ರಾ ಕೊಟ್ಟರು. ಮೂಗು ಹಿಡಿದುಕೊಂಡು ಒಂದು ನಿಮಿಷ ಅದರಲ್ಲೇ ಉಸಿರಾಡಬೇಕು. ಮೂವತ್ತು ಸೆಕೆಂಡಿಗೇ ಬಸ್ಸಿನಲ್ಲಿ ಆಗಿದ್ದೆಲ್ಲ ಹಾಜರ್! ಸ್ಟ್ರಾ ತೆಗೆದ ಮೇಲೂ ಬೆರಳು ಜುಮ್ಮೆನ್ನುತ್ತಿತ್ತು.

"ಈಗ ಇದು ಹಾರ್ಟ್ ಅಟ್ಯಾಕಾ ಸರ್?"

"ಅಲ್ಲ ಮೇಡಂ, ಸ್ಟ್ರಾ."

"ಸರಿ, ಇನ್ನೊಂದ್ಸಲ ಮಾಡಿ."

ಆರು ಸಲ ಮಾಡಿಸಿದರು. ಆರನೇ ಸಲ ನನಗೆ ನಗು ಬಂತು. ಮುಂದಿನ ವಾರ ಮೆಟ್ಟಿಲು ಹತ್ತಿ ಓಡಿಸಿದರು, ಕುರ್ಚಿಯಲ್ಲಿ ಗಿರಗಿರ ತಿರುಗಿಸಿದರು. ಮನೆಯಲ್ಲೂ ದಿನಾ ಮಾಡಬೇಕು. ನಿಜ ಹೇಳಬೇಕೆಂದರೆ, ಕ್ಲಿನಿಕ್ಕಿಗಿಂತ ಜಾಸ್ತಿ ಕೆಲಸ ಆಗಿದ್ದು ಮನೆಯಲ್ಲೇ.

ಆಮೇಲೆ ಬಸ್ಸು. ಮೊದಲು ಒಂದು ಸ್ಟಾಪು, ಆಮೇಲೆ ಮೂರು. ನಾನು ಬಾಗಿಲ ಪಕ್ಕದ ಸೀಟು ಹಿಡಿದು, ನೀರಿನ ಬಾಟಲಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಅದನ್ನೂ ಬಿಡಿಸಿದರು. ಬಾಟಲಿ ಇತ್ತು, ಅದಕ್ಕೇ ಬದುಕಿದೆ ಅಂತ ಮನಸ್ಸು ಲೆಕ್ಕ ಹಾಕುತ್ತಂತೆ. ಬಾಟಲಿಯಿಲ್ಲದ ಆ ಮೊದಲ ದಿನ ಸ್ಟ್ರಾಗಿಂತ ಕಷ್ಟವಾಗಿತ್ತು.

ಫೀಸು ಕಡಿಮೆ ಇರಲಿಲ್ಲ. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಸಾಕು, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಹನ್ನೆರಡು ವಾರಕ್ಕೆ ನಿಲ್ಲಿಸಿದೆವು. ಹಾಗಂತ ಪೂರ್ತಿ ಹೋಗಿಲ್ಲ. ಕಳೆದ ವಾರ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಮತ್ತೆ ಬಂತು. ನಿಂತುಕೊಂಡೇ ಇದ್ದೆ. ಜಾಲಹಳ್ಳಿ ಕ್ರಾಸ್ ಬರುವಷ್ಟರಲ್ಲಿ ಇಳಿಯಿತು. ನಾನು ಇಳಿದಿದ್ದು ದಾಸರಹಳ್ಳಿಯಲ್ಲಿ.