160 ಚೌಕದ ಒಂದು ಹಾಳೆ

ಮೊದಲೇ ಹೇಳಿಬಿಡುತ್ತೇನೆ, ಇದು ನಾನು ಎರಡು ದಿನ ದಂಡ ಮಾಡಿದ ಕತೆ.

ನಾನು ಷಿಕಾಗೋ ಹತ್ತಿರದ ಒಂದು ರಿಪೇರಿ ಅಂಗಡಿಯಲ್ಲಿದ್ದೇನೆ. ಹಳೇ ಜ್ಯೂಕ್‌ಬಾಕ್ಸ್‌ಗಳೇ, ಅಂದರೆ ಕಾಸು ಹಾಕಿ ಬಟನ್ ಒತ್ತಿದರೆ ಬೇಕಾದ ರೆಕಾರ್ಡ್ ನುಡಿಸುವ ಯಂತ್ರಗಳೇ, ನಮ್ಮ ಹೊಟ್ಟೆಪಾಡು. ಸೀಬರ್ಗ್, ರಾಕ್-ಓಲಾ ಅನ್ನೋ ಎರಡು ಕಂಪನಿಯ ಯಂತ್ರಗಳೂ ಇದೇ ಊರಲ್ಲಿ ತಯಾರಾಗುತ್ತಿದ್ದವು. ಹಾಗಾಗಿ ಸುತ್ತಮುತ್ತಲ ಮನೆಗಳ ನೆಲಮಾಳಿಗೆಯಲ್ಲಿ ಇವತ್ತಿಗೂ ಒಂದೊಂದು ಸಿಗುತ್ತದೆ.

ಆ ಸಲ ಬಂದಿದ್ದು 1962ರ ಸೀಬರ್ಗ್ ಎಲ್‌ಪಿಸಿ-1. ಒಳಗೆ 80 ರೆಕಾರ್ಡ್, ಎರಡೂ ಬದಿ ಸೇರಿ 160 ಆಯ್ಕೆ. ಮುಂದೆ 20 ಅಕ್ಷರದ ಬಟನ್, 8 ಅಂಕಿಯ ಬಟನ್. ಎ ಇಂದ ವಿ ವರೆಗೆ 22 ಆಗಬೇಕಲ್ಲ ಅಂತೀರಾ? ಐ ಮತ್ತು ಓ ಇಲ್ಲ. ಒಂದು, ಸೊನ್ನೆ ಥರ ಕಾಣುತ್ತವಲ್ಲ, ಅದಕ್ಕೆ. ಗಿರಾಕಿಯ ದೂರು ಇಷ್ಟೇ: "ಕೆಲವು ಹಾಡು ಬರುತ್ತೆ, ಕೆಲವು ಬರಲ್ಲ."

ಇದು ಕೆಲಸ ಮಾಡುವ ರೀತಿ ಸ್ವಲ್ಪ ಹೇಳಬೇಕು. ರೆಕಾರ್ಡ್‌ಗಳು ಕಪಾಟಿನ ಪುಸ್ತಕದ ಹಾಗೆ ಸಾಲಾಗಿ ನಿಂತಿರುತ್ತವೆ. ಅವುಗಳ ಮುಂದೆ ಹಳಿ ಮೇಲೆ ಒಂದು ಗಾಡಿ ಆ ತುದಿಯಿಂದ ಈ ತುದಿಗೆ ಓಡಾಡುತ್ತದೆ. ನಾವು ಒತ್ತಿದ್ದನ್ನು ನೆನಪಿಟ್ಟುಕೊಳ್ಳುವುದು ಟಾರ್ಮ್ಯಾಟ್ ಅನ್ನೋ ಪೆಟ್ಟಿಗೆ. ಸೀಬರ್ಗ್ ಇದನ್ನು ಮೊದಲು ತಂದಿದ್ದು 1955ರ ವಿ-200 ಮಾಡೆಲ್‌ನಲ್ಲಿ. ಅದರೊಳಗೆ ಒಂದೊಂದು ಹಾಡಿಗೆ ಒಂದೊಂದು ಪುಟ್ಟ, ಅಯಸ್ಕಾಂತವಾಗಬಲ್ಲ ಫೆರೈಟ್ ಉಂಗುರ. ಅಕ್ಷರ ಮತ್ತು ಅಂಕಿ ಎರಡೂ ಕಡೆಯಿಂದ ಕರೆಂಟ್ ಬಂದರೆ ಮಾತ್ರ ಆ ಉಂಗುರದ ಅಯಸ್ಕಾಂತ ದಿಕ್ಕು ಬದಲಿಸುತ್ತದೆ. ಗಾಡಿ ಹೋಗ್ತಾ ಹೋಗ್ತಾ ಪ್ರತಿ ಉಂಗುರವನ್ನೂ ವಿಚಾರಿಸುತ್ತದೆ. ದಿಕ್ಕು ಬದಲಾಗಿದ್ದರೆ ಸಣ್ಣ ಮಿಡಿತ ಬರುತ್ತೆ, ಗಾಡಿ ನಿಲ್ಲುತ್ತೆ, ಉಂಗುರ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತೆ.

ಅಂದರೆ ಹಾಡು ಬರುವುದು ಒತ್ತಿದ ಕ್ರಮದಲ್ಲಿ ಅಲ್ಲ, ರೆಕಾರ್ಡ್ ನಿಂತಿರುವ ಕ್ರಮದಲ್ಲಿ. ಅಂಚೆಯಣ್ಣ ಕಾಗದ ಹಾಕುವುದು ಮನೆಗಳ ಸಾಲು ನೋಡಿ, ಯಾರು ಮೊದಲು ಬರೆದರು ಅಂತ ನೋಡಿ ಅಲ್ಲವಲ್ಲ. "ನಾನು ಮೊದಲು ಒತ್ತಿದ್ದು, ಅವನ ಹಾಡು ಬಂತು" ಅಂತ ಯಂತ್ರ ಹೊತ್ತು ತಂದವರೂ ಇದ್ದಾರೆ.

ಸರಿ, ನಾನು ಮೂರು ಹಾಡು ಒತ್ತಿ ನೋಡಿದೆ. ಎರಡು ಬಂತು. ಮೂರನೆಯದಕ್ಕೆ ಬಟನ್ ಒಳಗೆ ಕೂತಿತು, ಮೇಲೆ ಎದ್ದಿತು, ಕ್ರೆಡಿಟ್ (ಹಾಕಿದ ಕಾಸಿಗೆ ಸಿಗುವ ಹಾಡಿನ ಲೆಕ್ಕ) ಕೂಡ ಕಳೆಯಿತು. ಗಾಡಿ ಮಾತ್ರ ಆ ತುದಿಗೆ ಹೋಗಿ ಈ ತುದಿಗೆ ಬಂದು ಸುಮ್ನೆ ನಿಂತಿತು. ಬಟನ್ ಸರಿ ಇದೆ, ನೆನಪೇ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ. ಗುಜರಿಗೆ ಇಟ್ಟಿದ್ದ ಇನ್ನೊಂದು ಯಂತ್ರದಿಂದ ಟಾರ್ಮ್ಯಾಟ್ ಬಿಚ್ಚಿ ತಂದು ಹಾಕಿದೆ. ಕೂದಲೆಳೆಯಂಥ ತಂತಿಗಳು, ಉಸಿರು ಬಿಗಿಹಿಡಿದು ಮಾಡುವ ಕೆಲಸ. ಎರಡು ದಿನ ಹೋಯಿತು. ಅದೇ ಹಾಡು, ಅದೇ ಮೌನ.

ಯಜಮಾನರು ಬಂದು ನೋಡಿದರು. "ಎಷ್ಟು ಹಾಡು ಒತ್ತಿ ನೋಡಿದೆ?"

"ಮೂರು."

ಅವರು ಏನೂ ಅನ್ನಲಿಲ್ಲ. ಒಂದು ಹಾಳೆ ತೆಗೆದು ಅಡ್ಡ 20, ಉದ್ದ 8 ಗೆರೆ ಎಳೆದು ಕೈಗೆ ಕೊಟ್ಟರು.

ಮಧ್ಯಾಹ್ನ ಪೂರ್ತಿ ಅದೇ ಕೆಲಸ. ಒಂದು ಅಕ್ಷರದ ಎಂಟೂ ಒತ್ತುವುದು, ಬಂದ ಹಾಡನ್ನು ನಾಲ್ಕು ಸೆಕೆಂಡ್ ಕೇಳಿ ರಿಜೆಕ್ಟ್ ಮಾಡುವುದು, ಚೌಕದಲ್ಲಿ ಟಿಕ್ ಹಾಕುವುದು. ಐದನೇ ಅಕ್ಷರಕ್ಕೆ ಬರುವಷ್ಟರಲ್ಲೇ ಮುಖ ಕೆಂಪಾಗಿತ್ತು. ನಾಲ್ಕನೇ ಸಾಲು ಉದ್ದಕ್ಕೂ ಖಾಲಿ. ಎ4 ಇಲ್ಲ, ಬಿ4 ಇಲ್ಲ, ಸಿ4 ಇಲ್ಲ. ಇಪ್ಪತ್ತು ಉಂಗುರ ಒಟ್ಟಿಗೆ, ಅದೂ ಒಂದೇ ಗೆರೆಯಲ್ಲಿ ಸಾಯುತ್ತವಾ?

ನಾಲ್ಕರ ಬಟನ್ ಕೆಳಗೆ, ಒತ್ತಿದಾಗ ತಾಗಿ ಕರೆಂಟ್ ಹರಿಸುವ ಪಟ್ಟಿಯಂಥ ಕಾಂಟ್ಯಾಕ್ಟ್‌ಗಳಿವೆ. ಕ್ರೆಡಿಟ್ ಕಳೆಯುವುದಕ್ಕೆ ಒಂದು, ಟಾರ್ಮ್ಯಾಟ್‌ಗೆ ಸುದ್ದಿ ಮುಟ್ಟಿಸುವುದಕ್ಕೆ ಇನ್ನೊಂದು. ಮೊದಲನೆಯದು ಹೊಳೆಯುತ್ತಿತ್ತು, ಎರಡನೆಯದು ಕಪ್ಪಾಗಿತ್ತು. ವಿಸಿಟಿಂಗ್ ಕಾರ್ಡಿನ ಒಂದು ಚೂರನ್ನು ಆಲ್ಕೋಹಾಲ್‌ನಲ್ಲಿ ಅದ್ದಿ ಮಧ್ಯೆ ಎಳೆದೆ, ಪಟ್ಟಿಯನ್ನು ತುಸು ಬಗ್ಗಿಸಿದೆ. ಐದು ನಿಮಿಷ. ದಯವಿಟ್ಟು ಅಲ್ಲಿ ಉಪ್ಪುಕಾಗದ ಉಜ್ಜಬೇಡಿ, ಮೇಲಿನ ಲೇಪನ ಕಿತ್ತುಬರುತ್ತೆ. ಟಾರ್ಮ್ಯಾಟ್‌ಗೆ ಕಳಿಸಲು ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿ ಮಾಡದೆ ಒಳಗೆ ಕೈ ಹಾಕಲೂಬೇಡಿ.

ಆವತ್ತಿನಿಂದ ಹಾಳೆ ತುಂಬುವವರೆಗೆ ಸ್ಕ್ರೂಡ್ರೈವರ್ ಮುಟ್ಟಲ್ಲ. ಒಂದು ಅಕ್ಷರವೇ ಸತ್ತಿದ್ದರೆ ಆ ಅಕ್ಷರದ ಕಾಂಟ್ಯಾಕ್ಟ್ ಅಥವಾ ತಂತಿ. ಎಲ್ಲಾ ಹಾಡೂ ಪಕ್ಕದ್ದಕ್ಕೆ ಜಾರುತ್ತಿದ್ದರೆ ಗಾಡಿ ಮೇಲಿನ ಕಾಂಟ್ಯಾಕ್ಟ್ ಬ್ಲಾಕ್ ಜರುಗಿದೆ. ಏನು ಒತ್ತಿದರೂ ಗಾಡಿ ನಿಲ್ಲದಿದ್ದರೆ ಮಿಡಿತವನ್ನು ದೊಡ್ಡದು ಮಾಡುವ, ಹಳೇ ರೇಡಿಯೋದಲ್ಲಿರುವಂಥ ವಾಲ್ವ್, ಅಥವಾ ಗಾಡಿ ತಡೆಯುವ ಟ್ರಿಪ್ ಸೊಲೆನಾಯ್ಡ್. ಎಲ್ಲೋ ಒಂದೇ ಚೌಕ ಖಾಲಿ ಇದ್ದರೆ ಮಾತ್ರ ಟಾರ್ಮ್ಯಾಟ್ ಮೇಲೆ ಅನುಮಾನ ಪಡುತ್ತೇನೆ. ಎರಡು ಹಾಡು ಅದಲುಬದಲಾಗಿದ್ದರೆ? ಅದು ರಿಪೇರಿಯೇ ಅಲ್ಲ, ಮನೆಯ ಮಕ್ಕಳು ರೆಕಾರ್ಡ್ ತೆಗೆದು ಬೇರೆ ಜಾಗಕ್ಕೆ ಸಿಕ್ಕಿಸಿರುತ್ತಾರೆ.

ಆ ಯಂತ್ರ ಕಳಿಸುವ ಹಿಂದಿನ ಸಂಜೆ ನಾಲ್ಕರ ಸಾಲಿನ ಇಪ್ಪತ್ತೂ ಒತ್ತಿದೆ. ಆರು ಹಾಡು ಸರಿಯಾಗಿ ಬಂತು. ಹೊತ್ತಾಗಿತ್ತು, ಪ್ಲಗ್ ಕಿತ್ತು ಮನೆಗೆ ಹೋದೆ. ಫೆರೈಟ್ ಉಂಗುರಕ್ಕೆ ನೆನಪಿಡಲು ಕರೆಂಟೇ ಬೇಡ ಅನ್ನೋದು ಗೊತ್ತಿದ್ದೂ ತಲೆಗೆ ಬರಲಿಲ್ಲ.

ಎರಡು ದಿನ ಬಿಟ್ಟು ಗಿರಾಕಿ ಫೋನ್ ಮಾಡಿದರು. "ನಾನು ಒತ್ತಿದ್ದು ಒಂದೇ ಹಾಡು. ಅದು ಇನ್ನೂ ಬಂದಿಲ್ಲ, ಬೇರೆ ಐದು ಬಂದಾಯ್ತು. ಇನ್ನೆಷ್ಟು ಕಾಯಬೇಕು?"

ಬೆರಳು ಮಡಚಿ ಲೆಕ್ಕ ಹಾಕಿದೆ. "ಜಾಸ್ತಿ ಅಂದ್ರೆ ಇನ್ನೊಂಬತ್ತು" ಅಂದೆ.