ಹೊಸ ಸ್ಕೌಟ್ ಮಾಸ್ಟರ್ ಮೊದಲು ಕೇಳಬೇಕಾದ ಪ್ರಶ್ನೆ

ಜೂನ್ ತಿಂಗಳಲ್ಲಿ ಪ್ರೌಢಶಾಲೆಗಳಲ್ಲಿ ಕೆಲಸ ಹಂಚುವ ಸಭೆ ನಡೆಯುತ್ತದೆ. ಪರೀಕ್ಷೆ, ಬಿಸಿಯೂಟ, ಗ್ರಂಥಾಲಯ, ವಿಜ್ಞಾನ ಸಂಘ ಎಲ್ಲವೂ ಒಬ್ಬೊಬ್ಬರ ಪಾಲಿಗೆ ಹೋದ ಮೇಲೆ ಕೊನೆಗೆ ಉಳಿಯುವುದು ಸ್ಕೌಟ್. ಮುಖ್ಯೋಪಾಧ್ಯಾಯರು ಸುತ್ತ ನೋಡುತ್ತಾರೆ. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರ ಕಣ್ಣಿಗೆ ಬೀಳುತ್ತಾರೆ. “ನಿಮಗೆ ಹುರುಪಿದೆ, ಸ್ಕೌಟ್ ನೀವೇ ನೋಡಿಕೊಳ್ಳಿ ಮೇಷ್ಟ್ರೇ” ಎನ್ನುವಲ್ಲಿಗೆ ನೇಮಕ ಮುಗಿಯುತ್ತದೆ. ಹೆಣ್ಣುಮಕ್ಕಳ ಗೈಡ್ ದಳಕ್ಕೆ ಗೈಡ್ ಕ್ಯಾಪ್ಟನ್ ಆಗುವ ಶಿಕ್ಷಕಿಯರ ಕತೆಯೂ ಹೀಗೆಯೇ.

ನಾನು ವಿಜ್ಞಾನ ಶಿಕ್ಷಕ. ಬಹಳ ವರ್ಷಗಳಿಂದ ಶಾಲೆಯ ಸ್ಕೌಟ್ ದಳ ನಡೆಸುತ್ತಿದ್ದೇನೆ. ತಾಲ್ಲೂಕಿನ ಸ್ಕೌಟ್ ಸ್ಥಳೀಯ ಸಂಸ್ಥೆಯ ಸಭೆಗೆ ಹೀಗೆ ನೇಮಕಗೊಂಡ ಹೊಸಬರು ಬಂದಾಗ ಅವರ ಜೊತೆ ಕುಳಿತು ಮಾತನಾಡುವುದು ನನಗೆ ಇಷ್ಟದ ಕೆಲಸ. ಶಾಲೆಯಲ್ಲಿ ಗಣಿತದ ಮೇಷ್ಟ್ರಿಗೆ ಸಂದೇಹ ಬಂದರೆ ಕೇಳಲು ಪಕ್ಕದಲ್ಲಿ ಇನ್ನೊಬ್ಬ ಗಣಿತದ ಮೇಷ್ಟ್ರು ಇರಬಹುದು. ಸ್ಕೌಟ್ ಮಾಸ್ಟರ್ ಮಾತ್ರ ತನ್ನ ಶಾಲೆಯಲ್ಲಿ ಒಬ್ಬನೇ. ಆದ್ದರಿಂದ ಅಕ್ಕಪಕ್ಕದ ಶಾಲೆಗಳ ಸ್ಕೌಟ್ ಮಾಸ್ಟರ್‌ಗಳ ಬಳಗ ಅವನಿಗೆ ಅನ್ನ ನೀರಿನಷ್ಟೇ ಅಗತ್ಯ. ಅಲ್ಲಿಗೆ ಬಂದವರು ಏನು ಕೇಳುತ್ತಾರೆ ಎನ್ನುವುದರ ಮೇಲೆ ಅವರ ದಳದ ಮುಂದಿನ ದಿನಗಳನ್ನು ಬಹುಮಟ್ಟಿಗೆ ಊಹಿಸಬಹುದು.

ಸಮವಸ್ತ್ರ ಎಲ್ಲಿ ಸಿಗುತ್ತದೆ, ಯಾವ ದಾಖಲೆ ಪುಸ್ತಕಗಳನ್ನು ಇಡಬೇಕು, ನೋಂದಣಿ ಶುಲ್ಕ ಯಾವಾಗ ಕಟ್ಟಬೇಕು, ರಾಜ್ಯ ಪುರಸ್ಕಾರದ ಅರ್ಜಿಗೆ ಏನೇನು ಬೇಕು. ಹೆಚ್ಚಿನವರ ಪ್ರಶ್ನೆಗಳು ಇವೇ. ಇವಕ್ಕೆಲ್ಲ ಜಿಲ್ಲಾ ಸಂಘಟಕರು ಒಂದು ಟೀ ಕುಡಿಯುವಷ್ಟರಲ್ಲಿ ಉತ್ತರ ಕೊಡುತ್ತಾರೆ. “ನನ್ನ ಪ್ಯಾಟ್ರೋಲ್ ಲೀಡರ್‌ಗೆ ನಾನು ಯಾವ ಕೆಲಸ ಬಿಟ್ಟುಕೊಡಬೇಕು?” ಎಂದು ಕೇಳುವವರು ಅಪರೂಪ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಈ ಒಂದು ಪ್ರಶ್ನೆಯಲ್ಲಿದೆ.

ಪ್ಯಾಟ್ರೋಲ್ ಎಂದರೆ ಆರರಿಂದ ಎಂಟು ಮಕ್ಕಳ ಗುಂಪು. ಅದಕ್ಕೊಂದು ಹೆಸರು, ಒಂದು ಬಾವುಟ, ಒಂದು ಕೂಗು, ತಮ್ಮದೇ ಒಂದು ಮೂಲೆ. ಅದನ್ನು ನಡೆಸುವವನು ಅವರಲ್ಲೇ ಒಬ್ಬ ಹುಡುಗ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗ್ ಆರಂಭಿಸಿದ ಬೇಡನ್ ಪೊವೆಲ್ ಮೊದಲ ಪ್ರಾಯೋಗಿಕ ಶಿಬಿರ ನಡೆಸಿದಾಗ ಸಿರಿವಂತರ ಶಾಲೆಯ ಹುಡುಗರನ್ನೂ ದುಡಿಯುವ ಮನೆಗಳ ಹುಡುಗರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ ತೋಳ, ಗೂಳಿ, ರೇವನ್, ಕರ್ಲ್ಯೂ (ಕೊನೆಯ ಎರಡು ಹಕ್ಕಿಗಳು) ಎಂಬ ನಾಲ್ಕು ಪ್ಯಾಟ್ರೋಲ್‌ಗಳಾಗಿ ಹಂಚಿದರು. ಪ್ರತಿ ಪ್ಯಾಟ್ರೋಲ್‌ನ ಹೊಣೆ ಒಬ್ಬ ದೊಡ್ಡ ಹುಡುಗನದು. ಸ್ಕೌಟಿಂಗ್‌ನಲ್ಲಿ ಆಮೇಲೆ ಬಂದದ್ದೆಲ್ಲವೂ, ಬ್ಯಾಡ್ಜ್, ಪುರಸ್ಕಾರ, ಜಾಂಬೂರಿ ಎಂಬ ಸ್ಕೌಟ್‌ಗಳ ದೊಡ್ಡ ಮೇಳ, ಈ ಏರ್ಪಾಟಿನ ಮೇಲೆ ನಿಂತಿದೆ.

ನಮ್ಮ ಶಿಕ್ಷಕರಿಗೆ ಕಷ್ಟವಾಗುವುದು ಇಲ್ಲಿಯೇ. ತರಗತಿಯಲ್ಲಿ ನಲವತ್ತು ಮಕ್ಕಳ ಮುಂದೆ ನಿಂತು ಒಂದೇ ದನಿಯಲ್ಲಿ ಎಲ್ಲರಿಗೂ ಹೇಳುವುದು ನಮಗೆ ರೂಢಿಯಾಗಿದೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಮೈದಾನಕ್ಕೆ ಬಂದರೂ ಅದೇ ದನಿ ಬರುತ್ತದೆ. ಸೀಟಿ ಊದುತ್ತೇವೆ, ಸಾಲು ನಿಲ್ಲಿಸುತ್ತೇವೆ, ಪ್ರತಿಜ್ಞೆ ಹೇಳಿಸುತ್ತೇವೆ, ಸ್ಕೌಟ್ ನಿಯಮದ ಒಂಬತ್ತು ಅಂಶಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಮಕ್ಕಳಿಗೆ ಅದು ಇನ್ನೊಂದು ಪೀರಿಯಡ್ ಆಗುತ್ತದೆ. ಗಣರಾಜ್ಯೋತ್ಸವದ ಪಥಸಂಚಲನ ಮುಗಿದ ಮೇಲೆ ದಳಕ್ಕೆ ಬರುವವರು ಕಡಿಮೆಯಾಗುತ್ತಾರೆ. ಆಗ ಮೇಷ್ಟ್ರು “ಈಗಿನ ಮಕ್ಕಳಿಗೆ ಆಸಕ್ತಿಯಿಲ್ಲ” ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಏಳು ಜನ ಗೆಳೆಯರ ಊಟದ ಹೊಣೆ ಕೊಟ್ಟು ನೋಡಿ, ಅವನ ಆಸಕ್ತಿ ಎಷ್ಟಿದೆ ಎನ್ನುವುದು ಸಂಜೆಯೊಳಗೆ ತಿಳಿಯುತ್ತದೆ.

ಗಂಟು ಕಲಿಸುವ ಪಾಠವನ್ನೇ ತೆಗೆದುಕೊಳ್ಳಿ. ಎದುರು ನಿಂತು ತೋರಿಸಿದರೆ ನಮ್ಮ ಬಲಗೈ ಮಗುವಿಗೆ ಎಡಕ್ಕೆ ಕಾಣುತ್ತದೆ. ಹಿಂದಿನ ಸಾಲಿನವರಿಗೆ ಹಗ್ಗವೇ ಕಾಣುವುದಿಲ್ಲ. ಗಂಟನ್ನು ಪಕ್ಕದಲ್ಲಿ ಕುಳಿತೇ ಕಲಿಸಬೇಕು, ಪ್ರತಿಯೊಬ್ಬರ ಕೈಯಲ್ಲೂ ತನ್ನದೇ ಹಗ್ಗ ಇರಬೇಕು. ಒಬ್ಬ ಮೇಷ್ಟ್ರು ಮೂವತ್ತು ಜನರ ಪಕ್ಕ ಕೂರಲು ಸಾಧ್ಯವಿಲ್ಲ, ಪ್ಯಾಟ್ರೋಲ್ ಲೀಡರ್ ತನ್ನ ಆರೇಳು ಜನರ ಪಕ್ಕ ಕೂರಬಲ್ಲ. ಆದ್ದರಿಂದ ನಾನು ವಾರದ ನಡುವೆ ಲೀಡರ್‌ಗಳಿಗೆ ಮಾತ್ರ ಕಲಿಸುತ್ತೇನೆ, ಶನಿವಾರ ಅವರು ತಮ್ಮ ತಮ್ಮ ಮೂಲೆಯಲ್ಲಿ ಕಲಿಸುತ್ತಾರೆ. ಜೋಡಿಸುವ ಎರಡು ಹಗ್ಗಗಳ ದಪ್ಪ ಒಂದೇ ಇದ್ದರೆ ರೀಫ್ ನಾಟ್ ಎಂಬ ಗಂಟು, ಬೇರೆಬೇರೆ ಇದ್ದರೆ ಶೀಟ್ ಬೆಂಡ್ ಎಂಬ ಗಂಟು. ರೀಫ್ ನಾಟ್ ಅಲ್ಲಿ ಜಾರುತ್ತದೆ ಎಂಬುದನ್ನು ಮಕ್ಕಳು ಎಳೆದು ನೋಡಿಯೇ ಅರಿಯಬೇಕು.

ಇನ್ನೊಂದು ಸಂಗತಿ ಹಳ್ಳಿ ಶಾಲೆಯ ಹೊಸ ಮೇಷ್ಟ್ರುಗಳಿಗೆ. ನಿಮ್ಮ ದಳದಲ್ಲಿ ದನ ಕಟ್ಟುವ, ಕುರಿ ಕಾಯುವ ಮನೆಯ ಹುಡುಗರು ಇದ್ದೇ ಇರುತ್ತಾರೆ. ಹಸುವಿನ ಕೊರಳಿಗೆ ಜೀರುಗುಣಿಕೆ ಹಾಕಬಾರದು, ಅದು ಎಳೆದಷ್ಟೂ ಬಿಗಿಯುತ್ತದೆ ಎನ್ನುವುದು ಅವರಿಗೆ ಮೊದಲೇ ಗೊತ್ತು. ಬೋಲೈನ್ ಗಂಟಿನ ವಿಶೇಷವೂ ಅಷ್ಟೇ: ಕುಣಿಕೆ ಬಿಗಿಯುವುದಿಲ್ಲ, ಆದ್ದರಿಂದಲೇ ಮನುಷ್ಯರನ್ನು ಮೇಲೆತ್ತುವಾಗ ಅದನ್ನು ಬಳಸುತ್ತಾರೆ. ಪಾಠದಲ್ಲಿ ಹಿಂದುಳಿದವನೆಂದು ಹೆಸರಾದ ಹುಡುಗನೊಬ್ಬ ಇಂಥ ದಿನ ಇಡೀ ಪ್ಯಾಟ್ರೋಲ್‌ಗೆ ಕಲಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವನ ಕೈ ನೋಡಲು ತರಗತಿಯ ಮೊದಲ ರ‍್ಯಾಂಕಿನವನು ಬಗ್ಗಿ ಕುಳಿತಿರುತ್ತಾನೆ. ಈ ನೋಟಕ್ಕಾಗಿಯೇ ನಾನು ಈ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಲೀಡರ್‌ಗಳು ಸೇರುವ ಸಭೆಗೆ ಕೋರ್ಟ್ ಆಫ್ ಆನರ್ ಎನ್ನುತ್ತಾರೆ. ಸ್ಕೌಟ್ ಮಾಸ್ಟರ್ ಅಲ್ಲಿ ಸಲಹೆಗಾರ. ಹೊಸಬರಲ್ಲಿ ಬಹಳ ಜನ ಇದನ್ನು ದಾಖಲೆ ಪುಸ್ತಕದಲ್ಲಿ ಮಾತ್ರ ನಡೆಸುತ್ತಾರೆ. ನಿಜವಾಗಿ ನಡೆಸಿ ನೋಡಿ. ಶೇಂಗಾ ಕೀಳುವ ದಿನಗಳಲ್ಲಿ ಹುಡುಗರು ಶನಿವಾರ ತಪ್ಪಿಸಿಕೊಳ್ಳುತ್ತಾರೆ ಎಂಬ ವಿಷಯ ನಮ್ಮ ಸಭೆಗೆ ಬಂದಾಗ, ಹೊಲದ ಕೆಲಸ ಮುಗಿಯುವ ತನಕ ದಳ ಭಾನುವಾರ ಬೆಳಿಗ್ಗೆ ಬೇಗ ಸೇರಲಿ ಎಂದು ಲೀಡರ್‌ಗಳೇ ತೀರ್ಮಾನಿಸಿದರು. ಯಾರ ಮನೆಯಲ್ಲಿ ಕೊಯ್ಲು ಯಾವಾಗ ಎನ್ನುವುದು ಅವರಿಗೆ ಗೊತ್ತಿತ್ತು. ಸಿಬ್ಬಂದಿ ಕೊಠಡಿಯಲ್ಲಿ ಕುಳಿತ ನಮಗೆ ಅದು ಗೊತ್ತಾಗುವುದು ಹೇಗೆ?

ಶಿಬಿರದ ಅಡುಗೆ ಮೇಷ್ಟ್ರ ತಾಳ್ಮೆಗೆ ದೊಡ್ಡ ಪರೀಕ್ಷೆ. ಹಸಿ ಸೌದೆಯ ಹೊಗೆ ಕಣ್ಣಿಗೆ ತುಂಬಿದೆ, ಮುದ್ದೆಯಲ್ಲಿ ಹಿಟ್ಟಿನ ಗಂಟುಗಳು ಉಳಿದಿವೆ, ಸಾರಿಗೆ ಉಪ್ಪು ಎರಡು ಸಲ ಬಿದ್ದಿದೆ. ಕೋಲು ಕಸಿದುಕೊಂಡು ನಾವೇ ತಿರುವಿಬಿಡೋಣ ಎನ್ನಿಸುತ್ತದೆ. ಬೇಡ. ಆ ಪ್ಯಾಟ್ರೋಲ್ ಮಾಡಿದ್ದನ್ನು ಆ ಪ್ಯಾಟ್ರೋಲ್ ಉಣ್ಣುತ್ತದೆ, ಸ್ಕೌಟ್ ಮಾಸ್ಟರ್ ಕೂಡ ಅವರ ಜೊತೆ ಅದನ್ನೇ ಉಣ್ಣಬೇಕು. ಮರುದಿನ ನೀರು ಎಷ್ಟು ಕುದಿಯಬೇಕು, ಹಿಟ್ಟು ಯಾವಾಗ ಹಾಕಬೇಕು ಎಂದು ಅವರೇ ಪಕ್ಕದ ಪ್ಯಾಟ್ರೋಲ್‌ಗೆ ಹೋಗಿ ಕೇಳಿಕೊಂಡು ಬರುತ್ತಾರೆ.

ಆದರೆ ಎಲ್ಲವನ್ನೂ ಮಕ್ಕಳಿಗೆ ಬಿಡುವ ಮಾತಿಲ್ಲ. ಬೆಂಕಿ, ಕೊಡಲಿ, ಕೆರೆ, ಬಾವಿ, ರಸ್ತೆ ಇವುಗಳ ಬಳಿ ದೊಡ್ಡವರ ಕಣ್ಣು ಇರಲೇಬೇಕು. ಕೆರೆಯ ಆಳ ಗೊತ್ತಿಲ್ಲದೆ, ಈಜು ಬಲ್ಲ ದೊಡ್ಡವರು ಇಲ್ಲದೆ ಮಕ್ಕಳು ನೀರಿಗೆ ಇಳಿಯಬಾರದು. ಪಾಲಕರ ಬರವಣಿಗೆಯ ಒಪ್ಪಿಗೆ ಇಲ್ಲದೆ ರಾತ್ರಿ ಶಿಬಿರ ಬೇಡ. ಶಿಬಿರದಲ್ಲಿ ಒಬ್ಬರೇ ದೊಡ್ಡವರು ಇರಕೂಡದು, ಯಾವ ಮಗುವಿನ ಜೊತೆಗೂ ಮರೆಯಲ್ಲಿ ಒಬ್ಬರೇ ಇರಕೂಡದು, ಮಕ್ಕಳಿಗೆ ಖಾಸಗಿಯಾಗಿ ಸಂದೇಶ ಕಳಿಸಕೂಡದು. ಇದು ಮಗುವನ್ನೂ ಕಾಯುತ್ತದೆ, ಮೇಷ್ಟ್ರನ್ನೂ ಕಾಯುತ್ತದೆ. ಬಳಗದ ಹಿರಿಯರು ಯಾರಾದರೂ ಇದನ್ನು ಹಗುರವಾಗಿ ಮಾತನಾಡಿದರೆ ಅಲ್ಲಿ ಅವರ ಹಿರಿತನಕ್ಕೆ ತಲೆಬಾಗಬೇಡಿ.

ಸ್ಕೌಟ್ ಮಾಸ್ಟರ್‌ಗಳ ಬೇಸಿಕ್ ತರಬೇತಿಗೆ ಹೋಗಿಬನ್ನಿ, ತಪ್ಪಿಸಿಕೊಳ್ಳಲು ನೋಡಬೇಡಿ. ಏಳು ದಿನ ಮನೆ ಬಿಟ್ಟಿರುವುದು ಕಷ್ಟ, ಒಪ್ಪುತ್ತೇನೆ. ಆದರೆ ಅಲ್ಲಿ ನೀವೇ ಒಂದು ಪ್ಯಾಟ್ರೋಲ್‌ನ ಸದಸ್ಯರು. ಐವತ್ತರ ಮೇಷ್ಟ್ರು ಪಾತ್ರೆ ತೊಳೆಯುತ್ತಾರೆ, ಇಪ್ಪತ್ತೈದರ ಮೇಷ್ಟ್ರು ಅವರ ಲೀಡರ್ ಆಗಿರುತ್ತಾರೆ. 1919ರಲ್ಲಿ ಇಂಗ್ಲೆಂಡಿನ ಗಿಲ್ವೆಲ್ ಪಾರ್ಕ್‌ನಲ್ಲಿ ಸ್ಕೌಟ್ ಮಾಸ್ಟರ್‌ಗಳಿಗೆ ನಡೆದ ಮೊದಲ ವುಡ್ ಬ್ಯಾಡ್ಜ್ ತರಬೇತಿಯಲ್ಲೂ ದೊಡ್ಡವರನ್ನು ಹೀಗೆಯೇ ಪ್ಯಾಟ್ರೋಲ್ ಮಾಡಿ ಕಲಿಸಿದರು. ಉಪನ್ಯಾಸದ ಟಿಪ್ಪಣಿಗಿಂತ, ಲೀಡರ್ ಹೇಳಿದ ಕೆಲಸ ಮಾಡುವಾಗ ನಿಮಗೆ ಏನನ್ನಿಸಿತು ಎನ್ನುವುದನ್ನು ಬರೆದುಕೊಳ್ಳಿ. ಶಾಲೆಗೆ ಮರಳಿದ ಮೇಲೆ ಉಪಯೋಗಕ್ಕೆ ಬರುವುದು ಅದು.

ನಮ್ಮ ರಾಜ್ಯದ ತರಬೇತಿ ಕೇಂದ್ರ ದೊಡ್ಡಬಳ್ಳಾಪುರದಲ್ಲಿದೆ, ಆನಿ ಬೆಸೆಂಟ್ ಹೆಸರಿನ ಪಾರ್ಕ್ ಅದು. ಆ ಹೆಸರು ಅಲ್ಲಿ ಏಕಿದೆ ಎಂದು ಮಕ್ಕಳಿಗೆ ಹೇಳಿ. ಭಾರತಕ್ಕೆ ಸ್ಕೌಟಿಂಗ್ 1909ರಲ್ಲಿ ಬಂದಾಗ ಮೊದಲ ದಳ ಕಟ್ಟಿದ ಊರು ಬೆಂಗಳೂರು, ಆದರೆ ಆಗ ಅದರ ಬಾಗಿಲು ಭಾರತೀಯ ಮಕ್ಕಳಿಗೆ ತೆರೆದಿರಲಿಲ್ಲ. ಅವರಿಗಾಗಿ ಆನಿ ಬೆಸೆಂಟ್ ಮದರಾಸಿನಲ್ಲಿ, ಮದನ ಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಅಲಹಾಬಾದಿನಲ್ಲಿ ಬೇರೆ ಸಂಘಗಳನ್ನೇ ಕಟ್ಟಬೇಕಾಯಿತು. 1950ರ ನವೆಂಬರ್ 7ರಂದು ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು. ಕೊರಳಿನ ಈ ಸ್ಕಾರ್ಫ್ ಸುಲಭವಾಗಿ ಸಿಕ್ಕದ್ದಲ್ಲ ಎಂದು ತಿಳಿದ ಹುಡುಗ ಅದನ್ನು ಮಡಿಸುವ ರೀತಿಯೇ ಬೇರೆ.

ಪುರಸ್ಕಾರದ ಬಗ್ಗೆ ಒಂದು ನೇರ ಮಾತು. ಪ್ರವೇಶದಿಂದ ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ ರಾಜ್ಯ ಪುರಸ್ಕಾರಕ್ಕೆ ಹೋಗುವ ದಾರಿ ವರ್ಷಗಳದ್ದು. ಮಕ್ಕಳು ತಾವು ಮಾಡಿದ್ದನ್ನು ದಾಖಲಿಸಬೇಕಾದ ಲಾಗ್ ಪುಸ್ತಕವನ್ನು ಮೇಷ್ಟ್ರೇ ಚಂದದ ಅಕ್ಷರದಲ್ಲಿ ಬರೆದುಕೊಟ್ಟು ಕಳಿಸುವ ಅಭ್ಯಾಸ ಕೆಲವೆಡೆ ಇದೆ. ಪರೀಕ್ಷಾ ಶಿಬಿರದಲ್ಲಿ ಆ ಮಗು ತ್ರಿಕೋನ ಬ್ಯಾಂಡೇಜ್ ಹಿಡಿದು ಸುಮ್ಮನೆ ನಿಂತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸ್ಕೌಟ್ ನಂಬಿಕೆಗೆ ಅರ್ಹ ಎಂಬ ನಿಯಮ ಕಲಿಸಿದ ಕೈಯೇ ಆ ಸುಳ್ಳು ಬರೆದಿರುತ್ತದೆ. ಮಗು ಇನ್ನೊಂದು ವರ್ಷ ಕಾಯಲಿ.

ಮುಖ್ಯೋಪಾಧ್ಯಾಯರ ಜೊತೆ ಜಗಳ ಬೇಡ. ಅತಿಥಿಗಳಿಗೆ ಗೌರವ ವಂದನೆ ಬೇಕು ಎಂದರೆ ದಳ ಹೋಗಲಿ, ಜಾತ್ರೆಯಲ್ಲಿ ನೀರು ಕೊಡುವ ಸೇವೆಗೆ ಅದಕ್ಕಿಂತ ಸಂತೋಷದಿಂದ ಹೋಗಲಿ. ಬದಲಿಗೆ ಎರಡನ್ನು ಮಾತ್ರ ಕೇಳಿ ಪಡೆಯಿರಿ: ವಾರಕ್ಕೊಮ್ಮೆ ನಿಗದಿತ ಸಮಯ, ಮತ್ತು ಪ್ರತಿ ಪ್ಯಾಟ್ರೋಲ್‌ಗೆ ತನ್ನದೆನ್ನುವ ಒಂದು ಮೂಲೆ. ಮರದ ನೆರಳಾದರೂ ಸಾಕು.

ಈ ವರ್ಷ ನೇಮಕಗೊಂಡ ನಮ್ಮ ತಾಲ್ಲೂಕಿನ ಹೊಸಬರಿಗೆ ನಾನು ಆಗಲೇ ಹೇಳಿದ್ದೇನೆ. ಯಾವುದಾದರೂ ಶನಿವಾರ ನಮ್ಮ ದಳದ ಸಭೆಗೆ ಬನ್ನಿ, ಬರುವಾಗ ನಿಮ್ಮ ಲೀಡರ್ ಆಗಬಹುದಾದ ಇಬ್ಬರು ಹುಡುಗರನ್ನೂ ಕರೆತನ್ನಿ. ಅವರು ನಮ್ಮ ಹುಡುಗರ ಮೂಲೆಯಲ್ಲಿ ಕೂರಲಿ. ನೀವು ನನ್ನ ಜೊತೆ ದೂರದಲ್ಲಿ ನಿಂತು ನೋಡಿ, ಕಾಗದಪತ್ರದ ಪ್ರಶ್ನೆಗಳಿದ್ದರೆ ಆಗ ಮಾತನಾಡೋಣ.